ಒಂದು ಟನ್ ಭತ್ತದಲ್ಲಿ ಎಷ್ಟು ಕೊಡ ನೀರು?

ಅಕ್ಟೋಬರಿನಲ್ಲಿ ಯಡ್ತರೆಯ ಗದ್ದೆಗೆ ಕಟಾವು ಯಂತ್ರ ಇಳಿಯಿತೆಂದರೆ ಮಧ್ಯಾಹ್ನದೊಳಗೆ ಭತ್ತ ಅಂಗಳಕ್ಕೆ ಬಂದು ಬೀಳುತ್ತದೆ. ಹಿಂದೆ ಕೊಯ್ದ ಸೂಡಿ ಒಂದೆರಡು ದಿನ ಬಿಸಿಲು ಕುಡಿದ ಮೇಲೆಯೇ ಹಡಿಮಂಚಕ್ಕೆ ಬರುತ್ತಿತ್ತು; ಒಣಗಿಸುವ ಕೆಲಸದಲ್ಲಿ ಒಂದು ಪಾಲು ಗದ್ದೆಯಲ್ಲೇ ಬಿಟ್ಟಿಯಾಗಿ ಮುಗಿದಿರುತ್ತಿತ್ತು. ಯಂತ್ರದ ಭತ್ತ ಹಸಿಹಸಿ. ಅಷ್ಟರಲ್ಲಿ ಕೊಡಚಾದ್ರಿ ಕಡೆ ಮೋಡ ಕಟ್ಟಿರುತ್ತದೆ.

"ಡ್ರೈಯರಿಗೆ ಹಾಕಿದ್ರೆ ಕ್ವಿಂಟಾಲಿಗೆ ಎಷ್ಟ್ ಬೀಳತ್ತ್ ಮಾರಾಯ್ರೆ?" ಎಂದು ನೆರೆಮನೆಯವರು ಕೇಳಿದರು. ಡ್ರೈಯರಿಗೆ ಕ್ವಿಂಟಾಲು ಗೊತ್ತಿಲ್ಲ. ಅದು ಇಂಧನ ತಿನ್ನುವುದು ನೀರಿನ ಲೆಕ್ಕದಲ್ಲಿ.

ತೇವಾಂಶ 22 ಶೇಕಡಾ ಅಂದರೆ ನೂರು ಕಿಲೋ ಭತ್ತದಲ್ಲಿ 22 ಕಿಲೋ ನೀರು. ಕೂಡಿಡಲು ಅದು 14ಕ್ಕಾದರೂ ಇಳಿಯಬೇಕು. 22ರಲ್ಲಿ 14 ಕಳೆದರೆ 8, ಟನ್ನಿಗೆ 80 ಕಿಲೋ ನೀರು ಎಂದು ಬಾಯಿಗೆ ಬರುತ್ತದೆ. ನಾನೂ ಹಾಗೇ ಹೇಳಿ ಪೆಚ್ಚಾಗಿದ್ದೆ. ನೀರು ಹೋದಂತೆ ಒಟ್ಟು ತೂಕವೂ ಇಳಿಯುತ್ತದಲ್ಲ! ಕದಲದೆ ಉಳಿಯುವುದು 780 ಕಿಲೋ ಒಣ ಪದಾರ್ಥ. ಅದನ್ನು 0.86ರಿಂದ ಭಾಗಿಸಿದರೆ 907. ಹಾರಿಹೋದದ್ದು 93 ಕಿಲೋ, ಹೆಚ್ಚುಕಡಿಮೆ ಆರು ಕೊಡಪಾನ ನೀರು.

ಬರೀ ಫ್ಯಾನ್ ಹಾಕಿದರೆ ಸಾಲದೇ? ಕರಾವಳಿಯಲ್ಲಿ ಕಷ್ಟ. ಮಳೆ ಬಿಟ್ಟ ಬೆಳಗ್ಗೆ ಗಾಳಿಯ ತೇವ 90 ಶೇಕಡಾ ಇದ್ದರೆ, ಎಷ್ಟು ಬೀಸಿದರೂ ಭತ್ತ 14ಕ್ಕೆ ಇಳಿಯುವುದಿಲ್ಲ. ಅದೇ ಗಾಳಿಯನ್ನು 27 ಡಿಗ್ರಿಯಿಂದ 38ಕ್ಕೆ ಬಿಸಿ ಮಾಡಿ. ಒಂದು ಹನಿ ನೀರನ್ನೂ ತೆಗೆಯದೆ ಅದರ ಸಾಪೇಕ್ಷ ತೇವ ಅರ್ಧದಷ್ಟಾಗುತ್ತದೆ, ಗಾಳಿಗೆ ಬಾಯಾರಿಕೆ ಹುಟ್ಟುತ್ತದೆ. ಡ್ರೈಯರ್ ಅಂದರೆ ಇಷ್ಟೇ: ಒಂದು ಒಲೆ, ಒಂದು ಬ್ಲೋವರ್, ಭತ್ತ ತುಂಬುವ ತೂತಿನ ಪೆಟ್ಟಿಗೆ. ಬಿಸಿ ಹೆಚ್ಚಿಸಿದರೆ ಬೇಗ ಆದೀತೆಂಬ ಆಸೆ ಬೇಡ. ಕಾಳಿನ ಹೊರಮೈ ಒಳಗಿಗಿಂತ ಮೊದಲು ಒಣಗಿ ಬಿರುಕು ಬಿಡುತ್ತದೆ, ಬೆಳ್ತಿಗೆ ಮಾಡಿಸಿದರೆ ನುಚ್ಚು. ಬೀಜದ ಭತ್ತಕ್ಕಂತೂ 43 ಡಿಗ್ರಿ ಮೀರಬಾರದು.

ಇನ್ನು ಖರ್ಚು. ಒಂದು ಕಿಲೋ ನೀರು ಆವಿಯಾಗಲು ಸುಮಾರು 2.5 ಮೆಗಾಜೂಲ್ ಸಾಕು, ಆದರೆ ಬಿಸಿಗಾಳಿಯಲ್ಲಿ ಒಂದು ಪಾಲು ಹಾಗೇ ಹೊರಗೆ ಹೋಗುವುದರಿಂದ 4.5 ಹಿಡಿಯೋಣ. ಟನ್ನಿಗೆ 420 ಮೆಗಾಜೂಲ್ ಆಯಿತು. ಡೀಸೆಲಿನಲ್ಲಿ ಸುಮಾರು 12 ಲೀಟರ್; ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಂಡರೂ ಸಾವಿರ ದಾಟಿತು. ಕರೆಂಟಿನಲ್ಲೇ ಕಾಯಿಸುವುದಾದರೆ 117 ಯೂನಿಟ್. ಉಮಿಯ ಒಲೆಯಲ್ಲಿ ಅರ್ಧ ಶಾಖ ಹೊಗೆಗೆ ಹೋದರೂ ಕಿಲೋಗೆ ಆರೂವರೆ ಮೆಗಾಜೂಲ್ ಸಿಗುತ್ತದೆ, ಅಂದರೆ 65 ಕಿಲೋ ಉಮಿ. ಒಂದು ಟನ್ ಭತ್ತ ಗಿರಣಿಗೆ ಹೋದರೆ ಹೊರಬರುವ ಉಮಿಯೇ 200 ಕಿಲೋದಷ್ಟು! ತನ್ನನ್ನು ಒಣಗಿಸುವ ಕಟ್ಟಿಗೆಯನ್ನು ಭತ್ತ ಮೈಮೇಲೆ ಹೊತ್ತೇ ಬಂದಿರುತ್ತದೆ. ಕುಚ್ಚಲಕ್ಕಿ ಗಿರಣಿಗಳು ಬೇಯಿಸಿದ ಭತ್ತವನ್ನು 30ಕ್ಕೂ ಮೇಲಿನ ತೇವದಿಂದ ಇಳಿಸುವುದು ಈ ಬಲದ ಮೇಲೆಯೇ. ಬ್ಲೋವರಿನ ಕರೆಂಟು ಮಾತ್ರ ಬೇರೆ: ಐದು ಎಚ್‌ಪಿ ಮೋಟಾರಿಗೆ ಗಂಟೆಗೆ ನಾಲ್ಕು ಯೂನಿಟ್.

ಹಣ ನಿಜವಾಗಿ ಸೋರುವುದು ಎಲ್ಲಿಗೆ ನಿಲ್ಲಿಸಬೇಕೆಂದು ತಿಳಿಯದಾಗ. ಸರಕಾರಿ ಖರೀದಿಯಲ್ಲಿ 17 ಶೇಕಡಾ ತೇವದವರೆಗೆ ಭತ್ತ ತೆಗೆದುಕೊಳ್ಳುತ್ತಾರೆ. ಅಲ್ಲಿಗೆ ಕೊಡುವ ಭತ್ತದಿಂದ 60 ಕಿಲೋ ನೀರು ತೆಗೆದರೆ ಸಾಕು. ಹಲ್ಲಿಗೆ ಹಾಕಿ ಕಟಕ್ ಎಂದರೂ ಸಮಾಧಾನವಾಗದೆ 11ಕ್ಕೆ ಇಳಿಸಿದಿರೋ, 907 ಕಿಲೋ 876 ಆಯಿತು. ಉರಿಸಿದ ಇಂಧನವೂ ನಿಮ್ಮದೇ, ಕಳೆದ 31 ಕಿಲೋ ತೂಕವೂ ನಿಮ್ಮದೇ. ತೇವಮಾಪಕ ಇಲ್ಲದೆ ಡ್ರೈಯರ್ ಬಾಡಿಗೆಗೆ ತರುವುದು ತಕ್ಕಡಿ ಇಲ್ಲದೆ ಅಂಗಡಿ ಇಟ್ಟಂತೆ.

ನೆರೆಮನೆಯವರಿಗೆ ಹೇಳಿದ್ದು ಇಷ್ಟೇ: ಬಿಸಿಲು ಇರುವಷ್ಟು ಹೊತ್ತು ಟಾರ್ಪಾಲಿನಲ್ಲಿ ತೆಳ್ಳಗೆ ಹರಡಿ, ಆಗಾಗ ಕಾಲಾಡಿಸಿ. ಎರಡು ಮಧ್ಯಾಹ್ನದಲ್ಲಿ ಮೀಟರು 22ರಿಂದ 18ಕ್ಕೆ ಬಂತು. ಟನ್ನಿಗೆ 49 ಕಿಲೋ ನೀರು ಪುಕ್ಕಟೆ ಹೋಯಿತು, ಉಳಿದದ್ದು 44. ಕೊನೆಯ ನೀರು ಕಾಳಿನ ಹೊಟ್ಟೆಯಲ್ಲಿ ಹಟ ಹಿಡಿದು ಕೂರುವಂಥದ್ದು. ಅದಕ್ಕೊಂದಿಷ್ಟು ಹೆಚ್ಚು ಹಿಡಿದರೂ 35 ಕಿಲೋ ಉಮಿ ಧಾರಾಳವಾಗಿತ್ತು.

ಬಾಡಿಗೆ ಡ್ರೈಯರ್ ಬಂತು. ಉಮಿ ತರಲು ಹೋದರೆ ಕಳೆದ ವರ್ಷದ ಚೀಲಗಳು ಕೊಟ್ಟಿಗೆಯ ಸೋರುವ ಮಾಡಿನ ಕೆಳಗೆ ನೆನೆದು ಕೂತಿದ್ದವು. ಟಾರ್ಪಾಲಿನಿಂದ ಭತ್ತ ತೆಗೆದು, ಮೊದಲು ಅವನ್ನೇ ಹರಡಿದರು.