ಗೇರ್‌ಬಾಕ್ಸ್ ಇಳಿಸುವ ಮೊದಲು

ಮಾರುತಿ ಸೆಲೆರಿಯೋ 2014ರಲ್ಲಿ ಕ್ಲಚ್ ಪೆಡಲ್ ಇಲ್ಲದ ಕಾರನ್ನು ಸಾಮಾನ್ಯ ಕುಟುಂಬಗಳ ಅಳವಿಗೆ ತಂದಿತು. 2016ರಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಇನ್ನೋವಾ ಕ್ರಿಸ್ಟಾ ಆರು ಗೇರುಗಳ ಸ್ವಯಂಚಾಲಿತ ಮಾದರಿಯಲ್ಲಿಯೂ ಹೊರಬಂದಿತು. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಂಥ ಹೋಬಳಿ ಕೇಂದ್ರದಲ್ಲಿ ಇಂಥ ವಾಹನವೊಂದು ಗೇರ್ ಬದಲಿಸದೆ ಹಟ ಹಿಡಿದರೆ, ಅದನ್ನು ದೂರದ ನಗರಕ್ಕೆ ಎಳೆದೊಯ್ಯುವ ಮುನ್ನ ಸ್ಥಳೀಯ ಎಲೆಕ್ಟ್ರಿಷಿಯನ್ ಒಂದು ಮಲ್ಟಿಮೀಟರಿನಿಂದಲೇ ಬಹಳಷ್ಟನ್ನು ತಿಳಿಯಬಲ್ಲ.

ಕ್ರಿಸ್ಟಾದಂಥ ಸ್ವಯಂಚಾಲಿತ ಗೇರ್‌ಬಾಕ್ಸಿನಲ್ಲಿ ಗೇರ್ ಬದಲಿಸುವ ಕೆಲಸ ಸೊಲೆನಾಯ್ಡುಗಳದ್ದು. ಸೊಲೆನಾಯ್ಡ್ ಎಂದರೆ ತಾಮ್ರದ ತಂತಿಯ ಸುರುಳಿ. ಅದರಲ್ಲಿ ವಿದ್ಯುತ್ ಹರಿದಾಗ ಒಳಗಿನ ಕಬ್ಬಿಣದ ದಂಡ ಸರಿದು, ತೋಟದಲ್ಲಿ ಗೇಟ್‌ವಾಲ್ವ್ ತಿರುಗಿಸಿ ನೀರನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ಬಿಟ್ಟಂತೆ, ಎಣ್ಣೆಯ ಒತ್ತಡವನ್ನು ಬೇಕಾದ ಕ್ಲಚ್ಚಿನ ಕಡೆಗೆ ತಿರುಗಿಸುತ್ತದೆ. ಈ ವಿದ್ಯುನ್ಮಾರ್ಗದಲ್ಲಿ ದೋಷ ಕಂಡೊಡನೆ ನಿಯಂತ್ರಣ ಕಂಪ್ಯೂಟರು ಒಂದು ಸಂಕೇತವನ್ನು ದಾಖಲಿಸಿಕೊಂಡು, ವಾಹನವನ್ನು ಒಂದೇ ಗೇರಿನಲ್ಲಿ ಹಿಡಿದು, ಗ್ಯಾರೇಜ್ ಮುಟ್ಟುವಷ್ಟು ಮಾತ್ರ ಓಡಲು ಬಿಡುತ್ತದೆ. ಸ್ಕ್ಯಾನರಿನಲ್ಲಿ ಪಿ0753 ಎಂದು ಬಂದರೆ ಅದು ಮೊದಲ ಸೊಲೆನಾಯ್ಡಿನ ವಿದ್ಯುತ್ ದೋಷ, ಪಿ0751 ಎಂದು ಬಂದರೆ ಆಜ್ಞೆ ಹೋದರೂ ಗೇರ್ ಸರಿಯಾಗಿ ಬದಲಾಗಿಲ್ಲವೆಂಬ ಸೂಚನೆ. ಎರಡನೆಯದಕ್ಕೆ ಕೊಳೆಯಾದ ಎಣ್ಣೆ ಅಥವಾ ಸಿಕ್ಕಿಕೊಂಡ ಕವಾಟವೂ ಕಾರಣವಾಗಿರಬಹುದು. ಸಂಕೇತವು ಹುಡುಕಬೇಕಾದ ಮಾರ್ಗವನ್ನು ತೋರಿಸುತ್ತದೆಯೇ ಹೊರತು ಕೆಟ್ಟ ಭಾಗವನ್ನು ಹೆಸರಿಸುವುದಿಲ್ಲ. ಅದನ್ನು ಓದಿದ ಕೂಡಲೇ ಸೊಲೆನಾಯ್ಡ್ ಬದಲಿಸುವುದು ಮಾಲೀಕನಿಗೆ ಮಾಡುವ ಅನ್ಯಾಯ.

ಇಗ್ನಿಷನ್ ಆರಿಸಿ, ಗೇರ್‌ಬಾಕ್ಸಿನ ಹೊರಮೈಯಲ್ಲಿರುವ ಕನೆಕ್ಟರನ್ನು ಕಳಚಿ, ಸುರುಳಿಯ ರೋಧವನ್ನು ಅಳೆಯುವುದು ಮೊದಲ ಕೆಲಸ. ಹಲವು ಟೊಯೋಟಾ ಗೇರ್‌ಬಾಕ್ಸುಗಳ ಗೇರ್ ಬದಲಿಸುವ ಸೊಲೆನಾಯ್ಡಿಗೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 11ರಿಂದ 15 ಓಮ್ ಇರಬೇಕು. ಒತ್ತಡ ನಿಯಂತ್ರಿಸುವ ಸೊಲೆನಾಯ್ಡುಗಳಿಗೆ ಸುಮಾರು 5 ಓಮ್ ಸಾಕು, ಹಾಗಾಗಿ ಆಯಾ ಮಾದರಿಯ ಕೈಪಿಡಿ ಅಗತ್ಯ. ಮೀಟರ್ ಅಂಕಿಯನ್ನೇ ತೋರಿಸದಿದ್ದರೆ ತಂತಿ ತುಂಡಾಗಿದೆ, ಸೊನ್ನೆಯ ಸಮೀಪ ನಿಂತರೆ ಸುರುಳಿ ಶಾರ್ಟ್ ಆಗಿದೆ. ಇಲ್ಲಿ ಅನೇಕರು ಎಡವುವುದು ಬಿಸಿಯ ಲೆಕ್ಕದಲ್ಲಿ: ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡ 0.4ರಷ್ಟು ಏರುವುದರಿಂದ, ತಣ್ಣಗಿದ್ದಾಗ 12 ಓಮ್ ಇದ್ದ ಒಳ್ಳೆಯ ಸುರುಳಿ 90 ಡಿಗ್ರಿಯ ಎಣ್ಣೆಯಲ್ಲಿ 15 ಓಮನ್ನು ದಾಟುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ತಣ್ಣಗಿದ್ದಾಗ ಸರಿಯಿದ್ದು ಕಾದಾಗ ಮಾತ್ರ ಸಂಪರ್ಕ ಕಳೆದುಕೊಳ್ಳುವ ಸುರುಳಿಗಳೂ ಇರುವುದರಿಂದ ಎರಡೂ ಸ್ಥಿತಿಗಳಲ್ಲಿ ಅಳೆಯಬೇಕಾಗುತ್ತದೆ.

ಸುರುಳಿ ಸರಿಯಿದ್ದರೆ ಅನುಮಾನ ವೈರಿಂಗಿನ ಮೇಲೆ ಹೋಗಬೇಕು, ಏಕೆಂದರೆ ಇಲಿ ಕಡಿದ ಹೊದಿಕೆ, ಕಿಲುಬು ಹಿಡಿದ ಪಿನ್ನು, ಎಂಜಿನ್ನಿನ ಅದುರುವಿಕೆಗೆ ಸವೆದ ತಂತಿ ಇವೆಲ್ಲ ಹೊರಗಿನಿಂದಲೇ ಸರಿಪಡಿಸಬಹುದಾದ ದೋಷಗಳು. ರೋಧ ಅಳೆಯುವಾಗ ಮೀಟರ್ ಅತ್ಯಲ್ಪ ಪ್ರವಾಹವನ್ನಷ್ಟೇ ಕಳುಹಿಸುವುದರಿಂದ ಒಂದೇ ಎಳೆಯ ಮೇಲೆ ನಿಂತ ತಂತಿಯೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಕಂಪ್ಯೂಟರಿನ ಕನೆಕ್ಟರನ್ನೂ ಕಳಚಿ, ಅದೇ ತಂತಿಯ ಮೂಲಕ ಫ್ಯೂಸ್ ಇರುವ ಬ್ಯಾಟರಿಯಿಂದ ಸಣ್ಣ ಬಲ್ಬೊಂದನ್ನು ಉರಿಸಿ, ತಂತಿಯ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ನಷ್ಟವಾಗುತ್ತಿದೆಯೆಂದು ನೋಡುವುದೇ ನಂಬಲರ್ಹ ಪರೀಕ್ಷೆ. 12 ಓಮಿನ ಸೊಲೆನಾಯ್ಡಿಗೆ 12 ವೋಲ್ಟಿನಲ್ಲಿ 1 ಆಂಪಿಯರ್ ಸಿಗಬೇಕಿದ್ದರೆ, ಕಿಲುಬಿನ ಪಿನ್ನು 3 ಓಮ್ ಸೇರಿಸಿದೊಡನೆ ಅದು 0.8ಕ್ಕೆ ಇಳಿದು ದಂಡದ ಎಳೆತ ಕುಗ್ಗುತ್ತದೆ.

ತಂತಿಯೂ ಸುರುಳಿಯೂ ಸರಿಯಿದ್ದು ಸಂಕೇತ ಮತ್ತೆ ಬಂದರೆ ಮಾತ್ರ ಕಂಪ್ಯೂಟರನ್ನು ಸಂಶಯಿಸಬೇಕು. ಸುರುಳಿಯೇ ಕೆಟ್ಟಿದ್ದರೂ ಎದೆಗುಂದಬೇಕಿಲ್ಲ: ಹಲವು ವಾಹನಗಳಲ್ಲಿ ಸೊಲೆನಾಯ್ಡುಗಳು ತಳದ ಎಣ್ಣೆತಟ್ಟೆಯ ಒಳಗಡೆಯೇ ಇರುವುದರಿಂದ, ತಟ್ಟೆಯನ್ನಷ್ಟೇ ಬಿಚ್ಚಿ, ಗೇರ್‌ಬಾಕ್ಸನ್ನು ಕೆಳಗಿಳಿಸದೆಯೇ ಅವುಗಳನ್ನು ಬದಲಿಸಬಹುದು.