ಬೆಳೆಯಲು ಕಲಿತ ಬೀರು

ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಅಮೆರಿಕದ ವ್ಯಾಪಾರಿ ಕಚೇರಿಗೊಂದು ಪತ್ರ ಬಂತೆಂದರೆ ಗುಮಾಸ್ತ ಅದನ್ನು ಓದಿ, ಉದ್ದುದ್ದಕ್ಕೆ ಮಡಚಿ ಪಟ್ಟಿಯಂತೆ ಮಾಡುತ್ತಿದ್ದ. ಹೊರಮೈ ಮೇಲೆ ಬರೆದವರ ಹೆಸರು, ತಾರೀಖು, ಒಂದು ಸಾಲಿನಲ್ಲಿ ವಿಷಯ. ಆಮೇಲೆ ಮೇಜಿನ ಮೇಲಿನ ಗೂಡಿಗೆ ಅದನ್ನು ತೂರಿಸುತ್ತಿದ್ದ. ಗೂಡು ತುಂಬಿದರೆ ಎಲ್ಲವನ್ನೂ ಕಟ್ಟಿ ಪೆಟ್ಟಿಗೆಗೆ ಹಾಕುವುದು. ಕಚೇರಿಯಿಂದ ಹೊರಗೆ ಹೋದ ಪತ್ರಗಳ ನಕಲು ಇನ್ನೊಂದು ಕಡೆ: ತೆಳುಹಾಳೆಯ ದಪ್ಪ ಪುಸ್ತಕದಲ್ಲಿ, ಹಾಳೆ ಒದ್ದೆ ಮಾಡಿ, ಪ್ರೆಸ್ಸಿನಲ್ಲಿ ಒತ್ತಿ ತೆಗೆದದ್ದು. ಹೀಗಾಗಿ ಒಂದೇ ವ್ಯವಹಾರದ ಅರ್ಧ ಕಥೆ ಗೂಡಿನಲ್ಲಿ, ಉಳಿದರ್ಧ ಪುಸ್ತಕದಲ್ಲಿ. ಪೂರ್ತಿ ತಿಳಿಯಬೇಕಾದರೆ ಮಡಿಕೆ ಮಡಿಕೆ ಬಿಚ್ಚಿ ನೋಡಬೇಕು.

ಇಂದು ಕಚೇರಿ ಕಚೇರಿಯಲ್ಲೂ ಕಾಣುವ ಫೈಲ್ ಕ್ಯಾಬಿನೆಟ್, ಸ್ಟೀಲ್ ಬೀರು, ರ್ಯಾಕ್‌ಗಳ ಕಥೆ ಈ ಮಡಿಕೆಗಳಿಂದಲೇ ಶುರುವಾಗುತ್ತದೆ. ಕಾಗದವನ್ನು ಭದ್ರವಾಗಿ ಇಡುವುದು ಮನುಷ್ಯನಿಗೆ ಮೊದಲಿನಿಂದ ಗೊತ್ತಿತ್ತು. ಪೆಟ್ಟಿಗೆ, ಬೀಗ ಇದ್ದೇ ಇದ್ದವು. ಕಷ್ಟವಾಗಿದ್ದು ಎರಡು ಸಂಗತಿ: ಇಟ್ಟದ್ದು ಬೇಕಾದಾಗ ಕೈಗೆ ಸಿಗಬೇಕು, ನಾಳೆ ಬರುವ ಕಾಗದಕ್ಕೂ ಜಾಗವಿರಬೇಕು. ಆಫೀಸಿನ ಮರ, ಕಬ್ಬಿಣ ನೂರೈವತ್ತು ವರ್ಷಗಳಲ್ಲಿ ಪಡೆದ ರೂಪಗಳೆಲ್ಲ ಈ ಎರಡಕ್ಕೆ ಹುಡುಕಿದ ಉತ್ತರಗಳು.

ನಿಂತ ಕಾಗದ

ಹಳೆಯ ಪದ್ಧತಿಯ ಶಿಖರವೆಂದರೆ ಇಂಡಿಯಾನಾಪೊಲಿಸ್‌ನ ವಿಲಿಯಂ ವೂಟನ್ 1874ರಲ್ಲಿ ಪೇಟೆಂಟ್ ಪಡೆದ ಮೇಜು. ಮುಂಭಾಗ ಎರಡು ಬಾಗಿಲಂತೆ ತೆರೆದುಕೊಂಡರೆ ಎಡಬಲಕ್ಕೂ ಗೂಡುಗಳು, ನಡುವೆ ಬರೆಯುವ ಹಲಗೆ. ಮರಗೆಲಸದ ದೃಷ್ಟಿಯಿಂದ ಅದು ಬಲು ಸುಂದರ ವಸ್ತು. ಆದರೆ ಅದು ಒಬ್ಬನ ಮೇಜು. ಯಾವ ಗೂಡಿನಲ್ಲಿ ಏನಿದೆ ಎಂಬುದು ಅದರ ಯಜಮಾನನ ತಲೆಯಲ್ಲಿರುತ್ತಿತ್ತು. ರೈಲ್ವೆ ಕಂಪನಿಗಳು, ದೊಡ್ಡ ಕಾರ್ಖಾನೆಗಳು ಬೆಳೆದು, ಟೈಪ್‌ರೈಟರ್, ಕಾರ್ಬನ್ ಹಾಳೆಗಳು ಬಂದ ಮೇಲೆ ಕಾಗದ ರಾಶಿಯಾಗತೊಡಗಿತು. ಅದನ್ನು ಹತ್ತಾರು ಜನ ಹುಡುಕುವಂತಾಯಿತು. ಒಬ್ಬನ ನೆನಪಿಗೆ ಅಂಟಿಕೊಂಡ ಗೂಡು ಇನ್ನು ಸಾಲದಾಯಿತು.

ಉತ್ತರ ಬಂದದ್ದು ಗ್ರಂಥಾಲಯದ ಕಡೆಯಿಂದ. ಮೆಲ್ವಿಲ್ ಡ್ಯೂಯಿ ಬಾಸ್ಟನ್ನಿನಲ್ಲಿ ಕಟ್ಟಿದ ಲೈಬ್ರರಿ ಬ್ಯೂರೊ ಪುಸ್ತಕಸೂಚಿಯ ಕಾರ್ಡುಗಳನ್ನೂ ಅವನ್ನಿಡುವ ಡ್ರಾಯರ್‌ಗಳನ್ನೂ ಮಾರುತ್ತಿತ್ತು. ಆ ಡ್ರಾಯರ್‌ನಲ್ಲಿ ಕಾರ್ಡುಗಳು ಮಲಗಿರಲಿಲ್ಲ, ಅಂಚಿನ ಮೇಲೆ ಸಾಲಾಗಿ ನಿಂತಿರುತ್ತಿದ್ದವು. ಬೆರಳಾಡಿಸಿದರೆ ಬೇಕಾದ್ದು ಸಿಗುತ್ತದೆ. ಹೊಸದನ್ನು ಎಲ್ಲಿ ಬೇಕಾದರೂ ಸೇರಿಸಬಹುದು. ಪತ್ರವನ್ನೂ ಹೀಗೇ ನಿಲ್ಲಿಸಿದರೆ? ಮಡಚದೆ, ಒಂದು ರಟ್ಟಿನ ಫೋಲ್ಡರಿನಲ್ಲಿಟ್ಟು, ಮೇಲಂಚಿನಲ್ಲಿ ಹೆಸರಿನ ಟ್ಯಾಬ್ ಹಚ್ಚಿ? ಲೈಬ್ರರಿ ಬ್ಯೂರೊ ತಯಾರಿಸಿದ ಅಂಥ ಲಂಬ ಫೈಲಿಂಗ್ ಕ್ಯಾಬಿನೆಟ್ 1893ರಲ್ಲಿ ಶಿಕಾಗೋದ ವಿಶ್ವ ಮೇಳದಲ್ಲಿ ಪ್ರದರ್ಶನಗೊಂಡು ಚಿನ್ನದ ಪದಕ ಪಡೆಯಿತು. ಬಂದ ಪತ್ರ, ಕೊಟ್ಟ ಉತ್ತರದ ಕಾರ್ಬನ್ ಪ್ರತಿ, ಎರಡೂ ಒಂದೇ ಫೋಲ್ಡರಿನಲ್ಲಿ ಸೇರಿದವು. ‘ಫೈಲ್’ ಎಂದು ನಾವು ಇವತ್ತು ಕರೆಯುವ ವಸ್ತು ಹೀಗೆ ಕಚೇರಿಯಲ್ಲಿ ನೆಲೆಯೂರಿತು.

ಈ ಪೆಟ್ಟಿಗೆಯ ಪ್ರಾಣ ಡ್ರಾಯರ್ ಚಲಿಸುವ ಹಳಿಯಲ್ಲಿದೆ. ತುಂಬಿದ ಡ್ರಾಯರ್ ಹತ್ತಾರು ಕಿಲೋ ತೂಗುತ್ತದೆ. ಹಿಂದಿನ ಫೋಲ್ಡರ್ ಸಿಗಬೇಕಾದರೆ ಪೂರ್ತಿ ಹೊರಗೆಳೆಯಬೇಕು. ಎಳೆದಾಗ ಭಾರವೆಲ್ಲ ಗಾಳಿಯಲ್ಲಿ ನಿಲ್ಲುತ್ತದೆ. ಒಂದರೊಳಗೊಂದು ಜಾರುವ ಹಳಿಗಳು, ಅವುಗಳ ನಡುವಿನ ಉರುಳೆಗಳು ಈ ಭಾರ ಹೊರುತ್ತವೆ. ಎರಡು ಡ್ರಾಯರ್ ಒಟ್ಟಿಗೆ ತೆರೆದರೆ ಕ್ಯಾಬಿನೆಟ್ಟೇ ಮುಂದಕ್ಕೆ ಮಗುಚಬಹುದು. ಅದಕ್ಕಾಗಿಯೇ ಒಂದು ತೆರೆದಿದ್ದಾಗ ಉಳಿದವು ತೆರೆಯದಂತೆ ತಡೆಯುವ ಏರ್ಪಾಟು ಈಗಿನ ಒಳ್ಳೆಯ ಕ್ಯಾಬಿನೆಟ್‌ಗಳಲ್ಲಿರುತ್ತದೆ. ಕೈಗೆ ಹಗುರ ಅನ್ನಿಸುವ ಆ ಎಳೆತದ ಹಿಂದೆ ಎಷ್ಟೊಂದು ಲೆಕ್ಕಾಚಾರವಿದೆ!

ಖಂಡ ಖಂಡವಾಗಿ

ಸಿಗುವ ಪ್ರಶ್ನೆಗೆ ಡ್ರಾಯರ್ ಉತ್ತರವಾದರೆ, ಬೆಳೆಯುವ ಪ್ರಶ್ನೆಗೆ ಉತ್ತರ ಪುಸ್ತಕದ ಕಪಾಟಿನಿಂದ ಬಂತು. ಒಟ್ಟೊ ವೆರ್ನಿಕೆ 1892ರಲ್ಲಿ ಪೇಟೆಂಟ್ ಪಡೆದ ಕಪಾಟು ಒಂದೇ ಇಡಿಯಾದ ವಸ್ತುವಾಗಿರಲಿಲ್ಲ. ಒಂದು ಪೀಠ, ಒಂದು ಮುಚ್ಚಳ, ನಡುವೆ ಎಷ್ಟು ಬೇಕೋ ಅಷ್ಟು ಖಂಡ. ಪ್ರತಿ ಖಂಡಕ್ಕೂ ಅದರದೇ ಗಾಜಿನ ಬಾಗಿಲು; ಮೇಲಕ್ಕೆತ್ತಿ ಒಳಕ್ಕೆ ತಳ್ಳಿದರೆ ಮರೆಯಾಗುತ್ತದೆ. ಅಂಕಣಕ್ಕೆ ಅಂಕಣ ಸೇರಿಸಿ ಮನೆ ಬೆಳೆಸುವಂತೆ, ಪುಸ್ತಕ ಹೆಚ್ಚಿದರೆ ಇನ್ನೊಂದು ಖಂಡ ತಂದು ಕೂರಿಸಿದರಾಯಿತು. 1899ರಲ್ಲಿ ವೆರ್ನಿಕೆಯ ಕಂಪನಿ ಸಿನ್ಸಿನಾಟಿಯ ಗ್ಲೋಬ್ ಕಂಪನಿಯೊಂದಿಗೆ ಸೇರಿ ಗ್ಲೋಬ್-ವೆರ್ನಿಕೆ ಆಯಿತು. ಗ್ಲೋಬ್‌ನವರದು ಫೈಲಿಂಗ್ ಕ್ಯಾಬಿನೆಟ್ ವ್ಯಾಪಾರ. ಕಾರ್ಡಿನ ಡ್ರಾಯರ್, ಪತ್ರದ ಡ್ರಾಯರ್, ನಮೂನೆಗಳ ತಟ್ಟೆ ಎಲ್ಲವೂ ಹೊಂದಿ ಕೂರುವ ಅಳತೆಯ ಖಂಡಗಳಾಗಿ ಬಂದವು. ಸಣ್ಣ ವಕೀಲರೂ ಎರಡು ಖಂಡದಿಂದ ಶುರುಮಾಡಿ ಕಕ್ಷಿದಾರರು ಹೆಚ್ಚಿದಂತೆ ಕ್ಯಾಬಿನೆಟ್ ಬೆಳೆಸಬಹುದಿತ್ತು.

ಇದರ ಹಿಂದೆ ಕಣ್ಣಿಗೆ ಬೀಳದ ಒಂದು ಶಿಸ್ತಿದೆ: ಕಾಗದದ ಅಳತೆ. ಹಾಳೆ ಒಂದೊಂದು ಗಾತ್ರದ್ದಾದರೆ ಡ್ರಾಯರ್ ಯಾವ ಗಾತ್ರದಲ್ಲಿ ಮಾಡುವುದು? ವಾಲ್ಟರ್ ಪೋರ್ಸ್ಟ್‌ಮನ್ ರೂಪಿಸಿ ಜರ್ಮನಿ 1922ರಲ್ಲಿ ಒಪ್ಪಿಕೊಂಡ ಮಾನಕದಿಂದಲೇ ನಮ್ಮ ಎ4 ಬಂದದ್ದು. ಅರ್ಧಕ್ಕೆ ಮಡಚಿದರೂ ಉದ್ದ ಅಗಲಗಳ ಅನುಪಾತ ಬದಲಾಗದ ಹಾಳೆ ಅದು. ಹಾಳೆಯ ಗಾತ್ರ ನಿಂತ ಮೇಲೆ ಫೋಲ್ಡರ್, ಬಾಕ್ಸ್ ಫೈಲ್, ಡ್ರಾಯರ್, ಕಪಾಟಿನ ಅಂತರ ಎಲ್ಲಕ್ಕೂ ಒಂದು ಆಧಾರ ಸಿಕ್ಕಿತು.

ಮರದಿಂದ ಉಕ್ಕಿಗೆ

ಬಫೆಲೊ ನಗರದ ಲಾರ್ಕಿನ್ ಕಂಪನಿ ಅಂಚೆಯಲ್ಲಿ ಸಾಬೂನು ಮಾರುತ್ತಿತ್ತು. ಪತ್ರಗಳೇ ಅದರ ಉಸಿರು. 1906ರಲ್ಲಿ ಮುಗಿದ ಅದರ ಕಟ್ಟಡದಲ್ಲಿ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ಲೋಹದ ಫೈಲ್ ಕ್ಯಾಬಿನೆಟ್‌ಗಳನ್ನು ಕಿಟಕಿಗಳ ಕೆಳಗೆ ಗೋಡೆಗೇ ಸೇರಿಸಿದರು. ಬೆಂಕಿಯ ಭಯ ಆಗ ನಿಜವಾದ ಭಯ. 1904ರಲ್ಲಿ ಬಾಲ್ಟಿಮೋರ್‌ನ ವ್ಯಾಪಾರಿ ಕೇಂದ್ರವೇ ಸುಟ್ಟುಹೋಗಿತ್ತು. ಮರದ ಪೀಠೋಪಕರಣಕ್ಕೇ ಹೆಸರಾದ ಗ್ರ್ಯಾಂಡ್ ರ್ಯಾಪಿಡ್ಸ್‌ನಲ್ಲಿ 1912ರಲ್ಲಿ ಲೋಹದ ಕಚೇರಿ ಸಾಮಾನಿನ ಕಂಪನಿಯೊಂದು ಹುಟ್ಟಿತು. ಮುಂದೆ ಅದೇ ಸ್ಟೀಲ್‌ಕೇಸ್. ಅದರ ಆರಂಭದ ಹೆಸರುವಾಸಿ ಸರಕು, ಬೆಂಕಿ ಹತ್ತದ ಉಕ್ಕಿನ ಕಸದ ಬುಟ್ಟಿ.

ನಮ್ಮಲ್ಲಿ ಉಕ್ಕು ಗೆದ್ದದ್ದಕ್ಕೆ ಬೆಂಕಿಯ ಜತೆ ಗೆದ್ದಲು, ಇಲಿ, ಮಳೆಗಾಲದ ತೇವವೂ ಕಾರಣ. ಮುಂಬೈಯಲ್ಲಿ 1897ರಲ್ಲಿ ಬೀಗ ತಯಾರಿಕೆಗಿಳಿದ ಗೋದ್ರೇಜ್ 1923ರಲ್ಲಿ ಉಕ್ಕಿನ ಬೀರುಗಳನ್ನು ಮಾಡತೊಡಗಿತು. ತೆಳ್ಳಗಿನ ತಗಡು ತಾನಾಗಿ ನಿಲ್ಲದು. ಅಂಚನ್ನು ಮಡಿಸಿ, ಮತ್ತೊಮ್ಮೆ ಒಳಕ್ಕೆ ತಿರುಗಿಸಿದರೆ ಅದೇ ತಗಡು ದಶಕಗಟ್ಟಲೆ ಭಾರ ಹೊರುತ್ತದೆ. ಈ ಸರಳ ಕೌಶಲದಿಂದ ಕಚೇರಿಯ ಬೀರು ಮನೆಗೂ ಬಂತು. ಮದುವೆಯ ಸಾಮಾನಿನ ಪಟ್ಟಿಯಲ್ಲೂ ಸೇರಿತು.

ಗಂಟಿನ ಜಾಣ್ಮೆ

ಖಂಡದ ಕಪಾಟು ಮೇಲಕ್ಕೆ ಬೆಳೆಯಿತು, ಆದರೆ ಅದರ ಆಕಾರ ಮೊದಲೇ ತೀರ್ಮಾನವಾಗಿತ್ತು. ಮುಂದಿನ ಹೆಜ್ಜೆ ಇಟ್ಟವರು ಪೆಟ್ಟಿಗೆಯನ್ನು ಬಿಟ್ಟು ಕೂಡುಗಂಟಿನ ಬಗ್ಗೆ ಯೋಚಿಸಿದರು. ಲಂಡನ್ನಿನಲ್ಲಿ ಮುದ್ರಣಾಲಯ ನಡೆಸುತ್ತಿದ್ದ ಡಿಮಿಟ್ರಿಯಸ್ ಕೊಮಿನೊ, ಗ್ರೀಕ್ ಮೂಲದ ಆಸ್ಟ್ರೇಲಿಯನ್. ಪ್ರೆಸ್ಸಿನ ವ್ಯವಸ್ಥೆ ಬದಲಾದಾಗಲೆಲ್ಲ ಮರದ ರ್ಯಾಕ್‌ಗಳನ್ನು ಕಿತ್ತು ಬಿಸಾಡಬೇಕಾಗುತ್ತಿದ್ದದ್ದು ಅವರಿಗೆ ಸಹಿಸದಾಯಿತು. 1947ರಲ್ಲಿ ಡೆಕ್ಸಿಯಾನ್ ಹೆಸರಿನಲ್ಲಿ ಅವರು ಮಾರುಕಟ್ಟೆಗೆ ತಂದದ್ದು ಉದ್ದಕ್ಕೂ ರಂಧ್ರಗಳಿರುವ ಎಲ್ ಆಕಾರದ ಉಕ್ಕಿನ ಪಟ್ಟಿ. ಬೇಕಾದಷ್ಟಕ್ಕೆ ಕತ್ತರಿಸಿ, ಒಂದರ ಮೇಲೊಂದು ಅಡ್ಡ ಇಟ್ಟು, ಬೋಲ್ಟ್ ತೂರಿಸಿ ನಟ್ ಬಿಗಿದರೆ ರ್ಯಾಕ್ ಸಿದ್ಧ. ಬೇಡವಾದರೆ ಸ್ಪ್ಯಾನರ್ ಹಿಡಿದು ಬಿಚ್ಚಿ, ಅದೇ ಪಟ್ಟಿಯಿಂದ ಇನ್ನೊಂದು. ನಮ್ಮ ಔಷಧಿ ಅಂಗಡಿ, ಗೋದಾಮು, ಕಚೇರಿಗಳಲ್ಲಿ ‘ಸ್ಲಾಟೆಡ್ ಆ್ಯಂಗಲ್’ ಎಂದು ಕೇಳಿ ಕೊಳ್ಳುವುದು ಇದೇ ವಂಶದ ಪಟ್ಟಿಯನ್ನು.

ಅದೇ ಯೋಚನೆ ಸ್ವಿಟ್ಜರ್ಲೆಂಡಿನಲ್ಲಿ ಇನ್ನೂ ನಯವಾಯಿತು. ಬರ್ನ್ ಹತ್ತಿರದ ಮ್ಯೂನ್ಸಿಂಗೆನ್‌ನ ಯುಎಸ್ಎಂ 1885ರಿಂದ ಇದ್ದ ಲೋಹಗೆಲಸದ ಕಂಪನಿ. ಸ್ಥಾಪಕರ ಮೊಮ್ಮಗ ಪಾಲ್ ಶೇರರ್ 1960ರ ದಶಕದ ಆರಂಭದಲ್ಲಿ ಹೊಸ ಕಾರ್ಖಾನೆ ಕಟ್ಟಲು ವಾಸ್ತುಶಿಲ್ಪಿ ಫ್ರಿಟ್ಜ್ ಹಾಲರ್ ಅವರನ್ನು ಕರೆದರು. ಬೇಕಾದಂತೆ ವಿಸ್ತರಿಸಬಹುದಾದ ಉಕ್ಕಿನ ಕಟ್ಟಡ ಎದ್ದಿತು. ಕಟ್ಟಡದ ತತ್ವವೇ ಅದರೊಳಗಿನ ಕಪಾಟಿಗೂ ಇರಲೆಂದು ಇಬ್ಬರೂ ಸೇರಿ ರೂಪಿಸಿದ್ದು ಯುಎಸ್ಎಂ ಹಾಲರ್. ಅದರ ತಿರುಳು, ಕ್ರೋಮ್ ಹೊಳಪಿನ ಪುಟ್ಟ ಹಿತ್ತಾಳೆಯ ಗುಂಡು. ಮೇಲೆ, ಕೆಳಗೆ, ನಾಲ್ಕು ದಿಕ್ಕಿಗೆ ಒಟ್ಟು ಆರು ರಂಧ್ರ; ಒಂದೊಂದಕ್ಕೂ ಉಕ್ಕಿನ ಕೊಳವೆ, ನಡುವೆ ಬಣ್ಣದ ತಗಡು. ಯಾವ ದಿಕ್ಕಿಗಾದರೂ ಮುಂದುವರಿಯಬಹುದು. 1969ರಲ್ಲಿ ಪ್ಯಾರಿಸ್ಸಿನ ರಾಥ್‌ಶೀಲ್ಡ್ ಬ್ಯಾಂಕ್ 600 ಜನರ ಕಚೇರಿಗೆ ಇದನ್ನೇ ತರಿಸಿತು. 2001ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಇದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಬೆಲೆ ದುಬಾರಿ, ನಿಜ. ಆದರೆ ಬಿಚ್ಚಿ ಮರುಜೋಡಿಸಬಹುದಾದ ವಸ್ತು ಬೇಗ ಕಸವಾಗದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಅಭಿಲೇಖಾಲಯದ ಪ್ರಶ್ನೆ

ನಮ್ಮ ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿ ಈ ಇತಿಹಾಸದ ಹಲವು ಹಂತಗಳು ಅಕ್ಕಪಕ್ಕದಲ್ಲೇ ಕಾಣುತ್ತವೆ: ಬಟ್ಟೆಯಲ್ಲಿ ಕಟ್ಟಿದ ಕಡತಗಳ ಗಂಟು, ಸ್ಟೀಲ್ ಬೀರು, ಸ್ಲಾಟೆಡ್ ಆ್ಯಂಗಲ್ ರ್ಯಾಕ್. ಕೆಲವೆಡೆ ಹಳಿಯ ಮೇಲೆ ಸರಿಯುವ ಕಾಂಪ್ಯಾಕ್ಟರ್ ಬಂದಿದೆ. ಚಕ್ರ ತಿರುಗಿಸಿದರೆ ರ್ಯಾಕ್‌ಗಳು ಸರಿದು ಬೇಕಾದಲ್ಲಷ್ಟೇ ದಾರಿ ತೆರೆಯುವುದರಿಂದ ಜಾಗ ಉಳಿಯುತ್ತದೆ. ಭೂ ಸುರಕ್ಷಾ ಯೋಜನೆಯಡಿ ಹಳೆಯ ಕಡತಗಳ ಸ್ಕ್ಯಾನಿಂಗ್ ನಡೆದಿರುವುದು ಸ್ವಾಗತಾರ್ಹ. ಆದರೂ ಸ್ಕ್ಯಾನ್ ಮಾಡಬೇಕಾದರೆ ಮೊದಲು ಕಡತ ಸಿಗಬೇಕು. ಮಾಡಿದ ಮೇಲೂ ಮೂಲ ಪ್ರತಿ ಎಲ್ಲಾದರೂ ನಿಲ್ಲಲೇಬೇಕು.

ಸಾಗುವಳಿ ಚೀಟಿಯ ಕಡತ ‘ಲಭ್ಯವಿಲ್ಲ’ ಎಂಬ ಹಿಂಬರಹ ಪಡೆದ ರೈತನಿಗೆ ಅದು ಜಮೀನಿನ ಪ್ರಶ್ನೆ. ಕಡತ ಬಹಳ ಸಲ ಕಳೆದಿರುವುದಿಲ್ಲ, ಸಿಗದ ಜಾಗದಲ್ಲಿರುತ್ತದೆ. ಕಡತವನ್ನು ನಿಲ್ಲಿಸಿ ಇಡುವ ರ್ಯಾಕ್, ಓದಲು ಬರುವ ಟ್ಯಾಬ್, ಮುಂದಿನ ಹತ್ತು ವರ್ಷಕ್ಕೆ ಬೆಳೆಯಲು ಅವಕಾಶ: ಜಗತ್ತು ನೂರು ವರ್ಷದ ಹಿಂದೆಯೇ ಕಂಡುಕೊಂಡ ಈ ಉತ್ತರಗಳು ದುಬಾರಿಯವಲ್ಲ. ಅಧಿಕಾರಿಗಳ ಕೋಣೆಯ ಸೋಫಾಕ್ಕೆ ಸಿಗುವ ಗಮನ ಅಭಿಲೇಖಾಲಯದ ರ್ಯಾಕಿಗೂ ಸಿಗಲಿ. ಆ ಖರ್ಚನ್ನು ಪೀಠೋಪಕರಣದ ಲೆಕ್ಕದಲ್ಲಿ ಬರೆದರೂ, ಅದು ಜನರಿಗೆ ಸಲ್ಲುವ ಸೇವೆಯ ಖರ್ಚೇ.