ಒಂದೇ ಅಂತರ್ಜಾಲ ಸಂಪರ್ಕ, ಹಲವು ಗಣಕಗಳು: ಫೈರ್‌ವಾಲ್ ಏಕೆ ಬೇಕು?

ಸಣ್ಣ ಉದ್ದಿಮೆಯ ಕಚೇರಿಯಲ್ಲಿಯೂ ಲೆಕ್ಕಪತ್ರ, ದಾಸ್ತಾನು, ಜಿ.ಎಸ್.ಟಿ. ವಿವರ ಸಲ್ಲಿಕೆ ಎಂದು ಐದಾರು ಗಣಕಯಂತ್ರಗಳಿರುವುದು ಸಾಮಾನ್ಯ. ಆದರೆ ಸಂಸ್ಥೆಗೆ ದೊರೆಯುವ ಅಂತರ್ಜಾಲ ವಿಳಾಸ ಬಹುತೇಕ ಒಂದೇ. ಅದನ್ನು ಎಲ್ಲ ಗಣಕಗಳೂ ಹಂಚಿಕೊಳ್ಳುವಂತೆ ಮಾಡುವ ವ್ಯವಸ್ಥೆಯೇ ವಿಳಾಸ ಪರಿವರ್ತನೆ, ಅಂದರೆ 'ನ್ಯಾಟ್'.

ಐಪಿ ನಾಲ್ಕನೆಯ ಆವೃತ್ತಿಯಲ್ಲಿ ಇರುವ ವಿಳಾಸಗಳು ಸುಮಾರು 430 ಕೋಟಿ ಮಾತ್ರ. ಆದ್ದರಿಂದ 192.168 ಎಂದು ಆರಂಭವಾಗುವ ವಿಳಾಸಗಳೂ ಸೇರಿದಂತೆ ಮೂರು ಗುಂಪುಗಳನ್ನು 1996ರ ಮಾನದಂಡವು ಖಾಸಗಿ ಬಳಕೆಗೆ ಮೀಸಲಿಟ್ಟಿದೆ. ಇವು ಕಚೇರಿಯೊಳಗಿನ ದೂರವಾಣಿ ಎಕ್ಸ್‌ಟೆನ್ಷನ್ ಸಂಖ್ಯೆಗಳಿದ್ದಂತೆ. ಗಣಕವು ಹೊರಗೆ ಕೋರಿಕೆ ಕಳುಹಿಸಿದಾಗ ರೂಟರ್ ಅದರ ಖಾಸಗಿ ವಿಳಾಸವನ್ನು ತೆಗೆದು ಸಂಸ್ಥೆಯ ವಿಳಾಸವನ್ನೂ ಒಂದು ಪೋರ್ಟ್ ಸಂಖ್ಯೆಯನ್ನೂ ನಮೂದಿಸುತ್ತದೆ; ಉತ್ತರ ಬಂದಾಗ ತನ್ನ ಪಟ್ಟಿಯನ್ನು ನೋಡಿ ಸಂಬಂಧಿಸಿದ ಗಣಕಕ್ಕೆ ತಲುಪಿಸುತ್ತದೆ.

ಕೋರದೆ ಬಂದ ಸಂದೇಶಕ್ಕೆ ಪಟ್ಟಿಯಲ್ಲಿ ಸ್ಥಾನವಿಲ್ಲದ ಕಾರಣ ಅದು ಒಳಗೆ ತಲುಪುವುದಿಲ್ಲ. ಹಾಗೆಂದು ನ್ಯಾಟನ್ನೇ ಕಾವಲೆಂದು ಭಾವಿಸುವುದು ತಪ್ಪು. ಮನೆಯಿಂದ ಲೆಕ್ಕ ನೋಡಲೆಂದು 3389ನೆಯ ಪೋರ್ಟನ್ನು ತೆರೆದಿಟ್ಟರೆ ಅದು ಅಂತರ್ಜಾಲದ ಎಲ್ಲರಿಗೂ ತೆರೆದಂತೆಯೇ. ಐಪಿ ಆರನೆಯ ಆವೃತ್ತಿಯಲ್ಲಿ ಸಾಮಾನ್ಯವಾಗಿ ಪ್ರತಿ ಗಣಕಕ್ಕೂ ಸ್ವಂತ ಸಾರ್ವಜನಿಕ ವಿಳಾಸವಿರುವುದರಿಂದ ನ್ಯಾಟ್‌ನ ಮರೆಯೂ ಇಲ್ಲ. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಕುತಂತ್ರಾಂಶವು 445ನೆಯ ಪೋರ್ಟಿನ ಮೂಲಕ ಹರಡಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿಯೇ ಪರಿಹಾರ ನೀಡಿತ್ತು. ಗ್ರಾಹಕರ ಬಾಕಿ, ಬಿಲ್ಲುಗಳೆಲ್ಲ ಒಂದೇ ಗಣಕದಲ್ಲಿರುವ ವ್ಯಾಪಾರಿಗೆ ಇಂತಹ ದಾಳಿ ವಹಿವಾಟನ್ನೇ ನಿಲ್ಲಿಸಬಲ್ಲದು.

ಒಳಹೋಗುವ, ಹೊರಹೋಗುವ ಪ್ರತಿ ಸಂಪರ್ಕವನ್ನೂ ನಿಯಮಗಳಿಗೆ ಹೋಲಿಸಿ ಬಿಡುವ ಅಥವಾ ತಡೆಯುವ ಸಾಧನವೇ ಫೈರ್‌ವಾಲ್. ಅದನ್ನು ಅಳವಡಿಸುವಾಗ ಗಮನಿಸಬೇಕಾದ ಅಂಶಗಳು:

1. ಐಪಿಯ ಎರಡೂ ಆವೃತ್ತಿಗಳಲ್ಲಿ ಹೊರಗಿನಿಂದ ಆರಂಭವಾಗುವ ಎಲ್ಲ ಸಂಪರ್ಕಗಳನ್ನು ತಡೆದು, ಅಗತ್ಯವಾದುದಕ್ಕೆ ಮಾತ್ರ ಅನುಮತಿ ನೀಡಬೇಕು.

2. ದೂರದಿಂದ ಕೆಲಸ ಮಾಡುವವರಿಗೆ ಪೋರ್ಟ್ ತೆರೆಯುವ ಬದಲು ವಿಪಿಎನ್ ಒದಗಿಸಬೇಕು.

3. ಸಾಧನದೊಂದಿಗೆ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸಿ, ತಂತ್ರಾಂಶವನ್ನು ಆಗಿಂದಾಗ್ಗೆ ನವೀಕರಿಸಬೇಕು.

4. ಸಿಸಿಟಿವಿ ಹಾಗೂ ಅತಿಥಿಗಳ ವೈ-ಫೈಯನ್ನು ಲೆಕ್ಕಪತ್ರದ ಜಾಲದಿಂದ ಬೇರ್ಪಡಿಸಬೇಕು.

5. ಇ-ಮೇಲ್ ಅಥವಾ ಪೆನ್ ಡ್ರೈವ್ ಮೂಲಕ ಬರುವ ಅಪಾಯವನ್ನು ಫೈರ್‌ವಾಲ್ ಪೂರ್ಣ ತಡೆಯಲಾರದು. ಲೆಕ್ಕದ ಒಂದು ಪ್ರತಿ ಜಾಲದಿಂದ ಹೊರಗೂ ಇರಬೇಕು.

ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ದಾಖಲೆಗಳನ್ನು 180 ದಿನ ಕಾಯ್ದಿರಿಸಬೇಕು ಎಂದು ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶಿಸಿದೆ. ಆದ್ದರಿಂದ ದಾಖಲೆ ಉಳಿಸುವ ಸೌಲಭ್ಯವಿದೆಯೇ ಎಂಬುದನ್ನು ಖರೀದಿಗೆ ಮುನ್ನವೇ ವಿಚಾರಿಸುವುದು ಒಳಿತು.